ಹಾಜರಿ ಇಪ್ಪತ್ಮೂರು

"ತಲೆ ಎತ್ತಿ ನೋಡ್ಬೇಡಿ ಲವೀನಾ, ನೋಡಿದ್ರೆ ಕೈ ಬರಲ್ಲ. ಇಪ್ಪತ್ಮೂರೂ ಹಾಕ್ಬಿಡಿ."

ಇದು ಪ್ರೇಮಲೀಲಾ ಮೇಡಂ ದಿನಾ ಬೆಳಿಗ್ಗೆ ಹೇಳುವ ಮಾತು. ಪ್ರಾರ್ಥನೆ ಆದಮೇಲೆ ಮಕ್ಕಳು ಸಾಲು ಮುರಿದು ಒಳಗೆ ನುಗ್ಗುವುದು ಎಷ್ಟು ಖಂಡಿತವೋ ಈ ಮಾತೂ ಅಷ್ಟೇ ಖಂಡಿತ. ಹತ್ತೂವರೆಯೊಳಗೆ ಬಿಸಿಯೂಟದ ಸಂಖ್ಯೆ ಮೊಬೈಲಿನಲ್ಲಿ ಮೇಲಕ್ಕೆ ಹೋಗಬೇಕು, ಅದಕ್ಕೆ ಮೊದಲು ಹಾಜರಿ ಪುಸ್ತಕದಲ್ಲಿ ಗೀಟು ಬಿದ್ದಿರಬೇಕು. ಗೀಟು ಹಾಕುವ ಕೆಲಸ ಏಳು ವಾರದಿಂದ ಲವೀನಾಳದು. ಡಿ.ಎಡ್ ಎರಡನೇ ವರ್ಷದ ಹುಡುಗಿ. ಕಾಲೇಜಿನವರು ಪಾಠ ಕಲಿಸುವುದನ್ನು ಕಲಿತು ಬಾ ಎಂದು ಈ ಶಾಲೆಗೆ ಕಳಿಸಿದ್ದರು.

ವಿದ್ಯಾರಣ್ಯಪುರದ ಒಂದು ಅಡ್ಡರಸ್ತೆಯ ತುದಿಯಲ್ಲಿ ಇರುವ ಆ ಕಿರಿಯ ಪ್ರಾಥಮಿಕ ಶಾಲೆಗೆ ಬೋರ್ಡಿನ ಮೇಲೆ ಮೂರು ಸಾಲಿನ ಹೆಸರಿದೆ. ಹತ್ತಿರದ ನೀರಿನ ಟ್ಯಾಂಕಿನಿಂದಾಗಿ ಸುತ್ತಲಿನವರು ಕರೆಯುವುದು ಮಾತ್ರ ಟ್ಯಾಂಕ್ ಸ್ಕೂಲು ಅಂತಲೇ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಗಿಡ್ಡ ಮೇಜುಗಳ ಸುತ್ತ ಚಾಪೆಯ ಮೇಲೆ ಕೂರುತ್ತಾರೆ. ನಾಲ್ಕು, ಐದು ಆಚೆ ಕೋಣೆಯಲ್ಲಿ. ಎಲ್ಲ ಸೇರಿ ಪುಸ್ತಕದಲ್ಲಿ ಇಪ್ಪತ್ಮೂರು ಹೆಸರು. ಇಡೀ ಶಾಲೆಗೆ ಟೀಚರು ಇಬ್ಬರು. ಅವರಲ್ಲಿ ಒಬ್ಬರು ಸದಾ ಯಾವುದೋ ಟ್ರೈನಿಂಗಿನಲ್ಲಿ ಇರುತ್ತಾರೆ, ಉಳಿದ ಒಬ್ಬರು ಪ್ರೇಮಲೀಲಾ ಮೇಡಂ. ಹೆಡ್ ಮಿಸ್ಸೂ ಅವರೇ, ಗುಮಾಸ್ತರೂ ಅವರೇ, ಮಗುವಿಗೆ ಮೂಗಿನಲ್ಲಿ ರಕ್ತ ಬಂದರೆ ಡಾಕ್ಟರೂ ಅವರೇ.

ಮೊದಲ ದಿನ ಲವೀನಾ ತಲೆ ಎತ್ತಿ ನೋಡಿದ್ದಳು. ಬೆರಳು ಮಡಚಿ ಎಣಿಸಿಯೂ ಇದ್ದಳು. ಹದಿನೇಳು ತಲೆ. ಆರು ಜನ ಕಮ್ಮಿ ಇದ್ದಾರೆ ಮೇಡಂ ಎಂದಾಗ ಪ್ರೇಮಲೀಲಾ ಮೇಡಂ ಬೈಯಲಿಲ್ಲ, ಕುರ್ಚಿ ಎಳೆದು ಕೂರಿಸಿ ಬಿಡಿಸಿ ಹೇಳಿದರು. ಹದಿನೇಳು ಅಂತ ಬರೆದರೆ ಮೇಲಿನವರ ಕಣ್ಣಿಗೆ ಬೀಳುತ್ತದೆ. ಬಿದ್ದರೆ ಈ ಶಾಲೆಯನ್ನು ಮೇನ್ ರೋಡಿನ ಆಚೆಯ ದೊಡ್ಡ ಶಾಲೆಗೆ ಸೇರಿಸಿಬಿಡುತ್ತಾರೆ. ಆ ರೋಡು ದಾಟಿಸಿ ಮಕ್ಕಳನ್ನು ಬಿಟ್ಟುಬರಲು ಇಲ್ಲಿನ ಯಾವ ತಾಯಿಗೆ ಪುರುಸೊತ್ತಿದೆ? ಎಂಟು ಗಂಟೆಗೆಲ್ಲ ಕೆಲಸಕ್ಕೆ ಓಡುವವರು. ಅಲ್ಲಿಗೆ ಹದಿನೇಳೂ ಮನೆಯಲ್ಲೇ ಉಳಿಯುತ್ತವೆ. "ಆರು ಸುಳ್ಳು ಹದಿನೇಳು ನಿಜವನ್ನ ಕಾಯ್ತಾ ಇದೆ ಅನ್ಕೊಳಿ," ಎಂದಿದ್ದರು. ಹೆಚ್ಚಿಗೆ ಬೇಯುವ ಆರು ಮೊಟ್ಟೆಯನ್ನೂ ಯಾರೂ ಮನೆಗೆ ಹೊತ್ತುಕೊಂಡು ಹೋಗುತ್ತಿರಲಿಲ್ಲ. ಅಡುಗೆಯ ಇಂದ್ರಮ್ಮ ಅವನ್ನು ಕವರಿಗೆ ಹಾಕಿ, ಯಾರ ಮನೆಯಲ್ಲಿ ಎಳೆಕೂಸು ಇದೆಯೋ ಆ ಮಕ್ಕಳ ಚೀಲಕ್ಕೆ ಇಳಿಬಿಡುತ್ತಿದ್ದಳು. ಇದರಲ್ಲಿ ತಪ್ಪು ಎಲ್ಲಿದೆ ಎಂದು ಲವೀನಾ ಎರಡು ವಾರ ಹುಡುಕಿದಳು. ಮೂರನೇ ವಾರದಿಂದ ಹುಡುಕುವುದನ್ನು ಬಿಟ್ಟಳು. ಐದನೇ ವಾರಕ್ಕೆ ಮಕ್ಕಳ ಜೊತೆ ಮಾತಾಡುತ್ತಲೇ ಮೇಲಿಂದ ಕೆಳಗೆ ಸರಸರ ಗೀಟು ಎಳೆಯುವಷ್ಟು ಕೈ ಪಳಗಿತು.

ಆ ಗುರುವಾರವಂತೂ ತಲೆ ಎತ್ತಲು ಅವಳಿಗೆ ಬಿಡುವೇ ಇರಲಿಲ್ಲ. ಹನ್ನೊಂದು ಗಂಟೆಗೆ ಕಾಲೇಜಿನಿಂದ ಪ್ರೇಮ್‌ಕುಮಾರ್ ಸರ್ ಬರುವವರಿದ್ದರು. ಹಿಂದೆ ಕುರ್ಚಿ ಹಾಕಿಕೊಂಡು ಕೂತು ಅವಳ ಪಾಠ ನೋಡಿ ಅಂಕ ಹಾಕುತ್ತಾರೆ. ಇದು ಕೊನೆಯ ಪಾಠ. ಒಂಟಿಕೊಪ್ಪಲಿನ ಮನೆಯಲ್ಲಿ ಹಿಂದಿನ ರಾತ್ರಿ ಅಪ್ಪ ಜ್ಞಾನಪ್ಪನೇ ಕೂತು ಚಾರ್ಟಿಗೆ ಎಲೆಗಳ ಚಿತ್ರ ಬರೆದುಕೊಟ್ಟಿದ್ದ. ಪಾಠದ ಹೆಸರು 'ಎಲೆಗಳು'. ಪ್ರತಿ ಮಗುವೂ ಒಂದೊಂದು ಎಲೆ ತರಬೇಕೆಂದು ಹೇಳಿದ್ದಳು. ತಂದಿದ್ದರು ಕೂಡ: ಹೊಂಗೆ, ದಾಸವಾಳ, ಕರಿಬೇವು, ಅಜ್ಜಿಯ ಚೀಲದಿಂದ ಕದ್ದ ವೀಳ್ಯದೆಲೆ. ಒಬ್ಬ ಮಹಾನುಭಾವ ದೇವರ ಫೋಟೋದ ಹಾರದಿಂದ ಪ್ಲಾಸ್ಟಿಕ್ ಎಲೆಯನ್ನೇ ಕಿತ್ತು ತಂದು, ಇದು ಒಣಗಲ್ಲ ಮಿಸ್, ನಾಳೆಗೂ ಆಗುತ್ತೆ ಅಂದ.

ಲವೀನಾ ಗೋಡೆಗೆ ಚಾರ್ಟು ಅಂಟಿಸುತ್ತಿದ್ದಳು. ಯೂನಿಫಾರ್ಮ್ ಸೀರೆಯ ಸೆರಗನ್ನು ಯಾರೋ ಎಳೆದರು. ತಿರುಗಿದರೆ ಕ್ಯಾರೊಲಿನ್. ಎರಡನೇ ತರಗತಿಯವಳು, ಮುಂದಿನ ಎರಡು ಹಲ್ಲು ಇಲ್ಲದವಳು, ಪಕ್ಕದ ಬೀದಿಯಿಂದ ದಿನಾ ತನ್ನ ಕ್ಲಾಸಿನ ಸುಷ್ಮಿತಾಳ ಕೈ ಹಿಡಿದುಕೊಂಡು ಬರುವವಳು.

"ಮಿಸ್, ಸುಷ್ಮಿತಾ ಇಲ್ವಾ, ಅವಳು..."

"ಚಾಡಿ ಆಮೇಲೆ," ಎಂದಳು ಲವೀನಾ.

ಈ 'ಚಾಡಿ ಆಮೇಲೆ' ಅವಳೇ ಮಾಡಿದ ಕಾನೂನು, ಅದರ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮಕ್ಕಳು ಅಂದರೆ ಹಾಗೇ ನೋಡಿ, ಬೆಳಿಗ್ಗೆ ಬಂದ ತಕ್ಷಣ ಮಿಸ್ ಅವನು ನನ್ನ ಪೆನ್ಸಿಲ್ ತಿಂದ, ಮಿಸ್ ಇವಳು ನನಗೆ ಟೂ ಬಿಟ್ಟಳು, ಒಂದು ಗಂಟೆ ಅದರಲ್ಲೇ ಹೋಗುತ್ತದೆ. ಅದಕ್ಕೆ ಊಟಕ್ಕೆ ಮೊದಲು ಯಾರೂ ಯಾರ ಮೇಲೂ ಹೇಳುವಂತಿಲ್ಲ. ಊಟ ಆಗುವಷ್ಟರಲ್ಲಿ ಮುಕ್ಕಾಲು ಪಾಲು ಚಾಡಿ ಮರೆತೇ ಹೋಗಿರುತ್ತದೆ. ಕ್ಯಾರೊಲಿನ್ ಬಾಯಿ ಮುಚ್ಚಿಕೊಂಡು ಹೋಗಿ ತನ್ನ ಜಾಗದಲ್ಲಿ ಕೂತಳು. ಒಳ್ಳೆಯ ಮಗು, ಕಾನೂನು ಮೀರುವವಳಲ್ಲ.

ಹತ್ತು ಮುಕ್ಕಾಲಿಗೆ ಸುಷ್ಮಿತಾಳ ಅಮ್ಮ ಚಂದ್ರಕಲಾ ಬಂದಳು.

ಆಕೆ ಊದುಬತ್ತಿ ಪ್ಯಾಕ್ ಮಾಡುವ ಕಡೆ ಕೆಲಸಕ್ಕಿದ್ದಳು. ಆಕೆ ಹತ್ತಿರ ಬರುವ ಮೊದಲೇ ಗಂಧದ ವಾಸನೆ ಬಂದುಬಿಡುತ್ತಿತ್ತು. ಲವೀನಾ ಕೋಣೆಯ ಹೊರಗಿನ ಮೆಟ್ಟಿಲ ಮೇಲೆ, ಕೈಗೆಲ್ಲ ಗೋಂದು ಮೆತ್ತಿಕೊಂಡು ಕೊನೆಯ ಚಾರ್ಟಿಗೆ ದಾರ ಕಟ್ಟುತ್ತಿದ್ದಳು. ಮೇಡಂ ಸಂಖ್ಯೆ ಕಳಿಸಿ ಮುಗಿಸಿ ಇಟ್ಟುಹೋಗಿದ್ದ ಹಾಜರಿ ಪುಸ್ತಕ ಪಕ್ಕದಲ್ಲೇ ತೆರೆದು ಬಿದ್ದಿತ್ತು. ಚಂದ್ರಕಲಾ ಗೇಟಿನಿಂದಲೇ ಹೇಳುತ್ತಾ ಬಂದಳು. ರಾತ್ರಿ ಮಹೇಶ ಫೋನ್ ಮಾಡಿದ್ದನಂತೆ. ಮಹೇಶ ಅಂದರೆ ಗಂಡ, ಮೂರು ವರ್ಷದಿಂದ ಬೇರೆ ಇದ್ದಾನೆ, ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಕೆಲಸ. ನನ್ನ ಮಗೀನ ನಾನು ಕರ್ಕೊಂಡೋಯ್ತೀನಿ ಅಂದನಂತೆ. ಈಕೆ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕಾಗಿತ್ತು, ಮಗು ಕ್ಯಾರೊಲಿನ್ ಜೊತೆ ಸ್ಕೂಲಿಗೆ ಹೋಗುತ್ತಲ್ಲ ಅಂತ ಹೋದಳಂತೆ, ಅಲ್ಲಿ ಕೂತರೆ ಕೈ ಓಡಲಿಲ್ಲವಂತೆ.

ಇದು ಸುಮ್ಮನೆ ಹೆದರಿಕೆಯಲ್ಲ ಎಂದು ಲವೀನಾಳಿಗೆ ಗೊತ್ತಿತ್ತು. ಮೊದಲ ವಾರವೇ ಇಂದ್ರಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳಿದ್ದಳು: ಸುಷ್ಮಿತಾಳಿಗೆ ಒಬ್ಬ ಅಣ್ಣ ಇದ್ದ, ಇದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಎರಡು ವರ್ಷದ ಹಿಂದೆ ಬೈಕಿನಲ್ಲಿ ಬಂದ ಅಪ್ಪ ಅವನನ್ನು ಹತ್ತಿಸಿಕೊಂಡು ಹೋದವನು ವಾಪಸು ತರಲಿಲ್ಲ. ಚಂದ್ರಕಲಾ ಎರಡು ಸಲ ತಿರುಪ್ಪೂರಿಗೆ ಹೋಗಿ ಬೀದಿ ಬೀದಿ ಅಲೆದು ಬಂದಳು, ವಿಳಾಸ ಸಿಗಲಿಲ್ಲ. ಹೋದ ಗೌರಿ ಹಬ್ಬಕ್ಕೆ ಆ ಹುಡುಗ ಒಂದೇ ಒಂದು ಸಲ ಫೋನಿನಲ್ಲಿ ಮಾತಾಡಿದನಂತೆ. ಕನ್ನಡ ತಡವರಿಸುತ್ತಿತ್ತಂತೆ.

"ನಮ್ ಸುಸ್ಮಿತ ಬಂದವ್ಳಾ ಮಿಸ್?"

ಲವೀನಾ ಪಕ್ಕದಲ್ಲಿದ್ದ ಹಾಜರಿ ಪುಸ್ತಕದ ಕಡೆ ನೋಡಿದಳು. ಹತ್ತೊಂಬತ್ತನೇ ಹೆಸರು, ಅದರ ಮುಂದೆ ಅವಳದೇ ಕೈಯ ಗೀಟು.

"ಬಂದಿದ್ದಾಳೆ ಅಮ್ಮ."

"ಒಳಕ್ಕೆ ಬಂದು ಒಂದ್ಸಲ ಮೊಕ ನೋಡ್ಕಂಡು ಓಯ್ತೀನಿ."

ಅಷ್ಟರಲ್ಲಿ ಗೇಟಿನ ಹೊರಗೆ ಪ್ರೇಮ್‌ಕುಮಾರ್ ಸರ್ ಸ್ಕೂಟರ್ ನಿಲ್ಲಿಸಿದರು. ಮಕ್ಕಳನ್ನು ಗುಂಪು ಮಾಡಿ ಕೂರಿಸಿ ಆಗಿದೆ, ಅಮ್ಮನನ್ನು ಕಂಡರೆ ಮಗು ಹಿಂದೆ ಬರ್ತೀನಿ ಅಂತ ಹಟ ಮಾಡುತ್ತದೆ, ಇವತ್ತು ನನಗೆ ಪರೀಕ್ಷೆ ಇದ್ದ ಹಾಗೆ, ನೀವು ನಿಶ್ಚಿಂತೆಯಿಂದ ಹೋಗಿ, ಸಂಜೆ ನಾನೇ ಕೈ ಹಿಡಿದು ನಿಮಗೆ ಒಪ್ಪಿಸುತ್ತೇನೆ ಎಂದು ಲವೀನಾ ಹೇಳಿದಳು. ಚಂದ್ರಕಲಾ ನಂಬಿದಳು. ನೀವು ಇದೀರಲ್ಲ ಬುಡಿ ಮಿಸ್ ಎಂದು, ಹೋಗುವಾಗ ಸ್ವಲ್ಪ ನಗುತ್ತಲೇ ಹೋದಳು.

ಸುಳ್ಳು ಹೇಳಬೇಕೆಂದು ಲವೀನಾ ಹೇಳಿದ್ದಲ್ಲ, ಇದನ್ನು ನಂಬಬೇಕು. ತಾನು ನೋಡದೆ ಹಾಕಿದ ಗೀಟು ಅದು ಎಂಬುದೇ ಆ ಹೊತ್ತಿಗೆ ಅವಳ ತಲೆಯಲ್ಲಿರಲಿಲ್ಲ. ಪುಸ್ತಕದಲ್ಲಿ ಇದೆ, ಅಂದಮೇಲೆ ಬಂದಿದ್ದಾಳೆ.

ಪಾಠ ಚೆನ್ನಾಗಿ ಆಯಿತು. ವೀಳ್ಯದೆಲೆ ತಂದವನು ಅಜ್ಜಿ ಹೇಗೆ ಸುಣ್ಣ ಹಚ್ಚುತ್ತಾಳೆ ಎಂದು ಮಾಡಿ ತೋರಿಸಿದ. ಪ್ಲಾಸ್ಟಿಕ್ ಎಲೆಯನ್ನು ಬಯ್ಯದೆ, ಇದು ಯಾಕೆ ಒಣಗಲ್ಲ ಹೇಳಿ ನೋಡೋಣ ಎಂದು ಲವೀನಾ ಅದನ್ನೇ ಪಾಠಕ್ಕೆ ಎಳೆದುಕೊಂಡಾಗ ಪ್ರೇಮ್‌ಕುಮಾರ್ ಸರ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಕಿಟಕಿ ಪಕ್ಕದ ಮೇಜಿನಲ್ಲಿ ಒಂದು ಜಾಗ ಖಾಲಿ ಇದ್ದದ್ದು ಅವಳ ಕಣ್ಣಿಗೆ ಬಿತ್ತು. ಖಾಲಿ ಜಾಗಗಳು ಆ ಕೋಣೆಯಲ್ಲಿ ದಿನಾ ಇರುತ್ತಿದ್ದವು. ಇರುವವರನ್ನು ಹತ್ತಿರ ಹತ್ತಿರ ಕೂರಿಸಿ ಪಾಠ ಮುಂದುವರಿಸಿದಳು.

ಊಟದ ಹೊತ್ತಿಗೆ ಇಂದ್ರಮ್ಮ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದು, ಇವತ್ತು ಹದಿನೆಂಟು ತಟ್ಟೆ ಕಣ್ರವ್ವಾ, ಐದು ಮೊಟ್ಟೆ ಮಿಕ್ಕವೆ, ನಿಮ್ಮ ಮೇಷ್ಟ್ರಿಗೂ ಒಂದು ಕೊಡ್ಲಾ ಎಂದು ಪಿಸುಗುಟ್ಟಿ ನಕ್ಕಳು. ಬರದ ಐದು ಜನ ಯಾರ್ಯಾರು ಎಂದು ಲವೀನಾ ಕೇಳಲಿಲ್ಲ. ಪ್ರೇಮ್‌ಕುಮಾರ್ ಸರ್ ಪಕ್ಕದಲ್ಲೇ ಕೈ ತೊಳೆಯುತ್ತಿದ್ದರು. ಇಂಥ ಪಾಠ ಈ ವರ್ಷ ನೋಡಿರಲಿಲ್ಲ ಅಂದರು. ಅವಳ ಕಿವಿ ಆ ಮಾತಿನ ಮೇಲಿತ್ತು.

ನಾಲ್ಕು ಗಂಟೆಗೆ ಬೆಲ್ ಹೊಡೆದು ಮಕ್ಕಳು ನೀರು ಚೆಲ್ಲಿದ ಹಾಗೆ ಗೇಟಿನಾಚೆ ಹರಿದುಹೋದರು. ಸಂಜೆ ಕೈ ಹಿಡಿದು ಒಪ್ಪಿಸುತ್ತೇನೆ ಎಂದದ್ದು ಲವೀನಾಳಿಗೆ ನೆನಪಾದದ್ದು ಆಗಲೇ. ಗೇಟಿಗೆ ಓಡಿದಳು, ಸುಷ್ಮಿತಾ ಕಾಣಲಿಲ್ಲ. ಹತ್ತು ನಿಮಿಷಕ್ಕೆ ಚಂದ್ರಕಲಾ ಬಂದಳು. ಮಕ್ಕಳ ಜೊತೆ ಹೊರಟಿರಬೇಕು, ದಾರಿಯಲ್ಲಿ ಸಿಗಲಿಲ್ಲವಾ ಎಂದು ಲವೀನಾ ಕೇಳಿದ ದನಿಯಲ್ಲೇ ಏನೋ ಇತ್ತೋ ಏನೋ, ಆಕೆ ಉತ್ತರ ಕೊಡದೆ ಬಂದ ದಾರಿಯಲ್ಲೇ ಓಡಿದಳು.

ಲವೀನಾ ಇನ್ನೊಂದು ದಾರಿಯಲ್ಲಿ ಕ್ಯಾರೊಲಿನ್ ಮನೆಗೆ ಓಡಿದಳು. ಅವಳು ಜಗಲಿಯ ಮೇಲೆ ಕೂತು ಟೀಗೆ ಬನ್ನು ಅದ್ದಿಕೊಂಡು ತಿನ್ನುತ್ತಿದ್ದಳು. ಸುಷ್ಮಿತಾ ಎಲ್ಲಮ್ಮ ಅಂದದ್ದಕ್ಕೆ, ಮಿಸ್ಸಿಗೆ ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ ನೋಡಿದಳು.

"ಅವಳು ಬೆಳಿಗ್ಗೆನೇ ಹೋದ್ಲಲ್ಲ ಮಿಸ್. ಟ್ಯಾಂಕ್ ಹತ್ರ ಅವರಪ್ಪ ಬೈಕ್ ಇಟ್ಕೊಂಡು ನಿಂತಿದ್ರು. ಅಣ್ಣನ ಹತ್ರ ಕರ್ಕೊಂಡು ಹೋಗ್ತೀನಿ ಬಾ ಅಂದ್ರು. ಇವಳು ಹತ್ತಿದ್ಲು."

"ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳಕ್ಕೆ ಬಂದೆ. ಚಾಡಿ ಆಮೇಲೆ ಅಂದ್ರಿ. ಆಮೇಲೆ ನೀವು ಕೇಳ್ಲೇ ಇಲ್ಲ."

ಶಾಲೆಗೆ ಹಿಂತಿರುಗುವಾಗ ಲವೀನಾ ಓಡಲಿಲ್ಲ. ಚಂದ್ರಕಲಾ ಅಷ್ಟರಲ್ಲಿ ಠಾಣೆಗೆ ಹೋಗಿದ್ದಳು. ವಿಷಯ ಕೇಳಿದ ಪ್ರೇಮಲೀಲಾ ಮೇಡಂ ಲವೀನಾಳನ್ನು ಅಕ್ಕಿ ಮೂಟೆ ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಮೊದಲು ತಾವೇ ಮೂಟೆಯ ಮೇಲೆ ಕುಸಿದು ಕೂತರು. ಆಮೇಲೆ ಮೆಲ್ಲಗೆ ಮಾತು ಶುರು ಮಾಡಿದರು. ಬೆಳಿಗ್ಗೆ ಬಂದೇ ಇರಲಿಲ್ಲ ಎಂದರೆ ಗೀಟು ಯಾಕೆ ಬಿತ್ತು ಎಂದು ಕೇಳುತ್ತಾರೆ. ಇವತ್ತಿನದನ್ನು ಕೇಳಿದವರು ನಿನ್ನೆಯದನ್ನು ಕೇಳುತ್ತಾರೆ, ಹೋದ ವರ್ಷದ್ದನ್ನು ಕೇಳುತ್ತಾರೆ. ಅಕ್ಕಿ, ಹಾಲಿನ ಪುಡಿ, ಮೊಟ್ಟೆ ಎಲ್ಲ ಹೊರಗೆ ಬರುತ್ತದೆ. ಶಾಲೆಯಂತೂ ಹೋಯಿತು. ತಮ್ಮ ಪೆನ್ಷನ್ನೂ ಹೋಯಿತು, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಸಂಜೆ ಬೆಲ್ ಹೊಡೆದ ಮೇಲೆ ಹೋದಳು ಎಂದರೆ ಯಾರಿಗೆ ಏನು ನಷ್ಟ?

"ಮಗು ಯಾರ ಹತ್ರ ಇದೆ ಈಗ? ಅಪ್ಪನ ಹತ್ರ ತಾನೆ. ಬೇರೆಯವರ ಹತ್ರ ಅಲ್ವಲ್ಲ. ನಿಮ್ಮ ಮಾರ್ಕ್ಸ್ ಶೀಟಿಗೂ ನಾನಿನ್ನೂ ಸೈನ್ ಹಾಕಿಲ್ಲ ಲವೀನಾ."

ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೇ ಕಷ್ಟವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ನಾನು ಅದನ್ನ ಹೇಳ್ಬಾರದಿತ್ತು, ಬಿಡಿ ಎಂದರು. ಹೇಳಿದ ಮಾತು ಮಾತ್ರ ಮೂಟೆಗಳ ನಡುವೆ ಹಾಗೇ ಕೂತಿತ್ತು.

ಐದು ಗಂಟೆಗೆ ಎ.ಎಸ್.ಐ. ಯೋಗೇಂದ್ರ ಚಂದ್ರಕಲಾಳನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಐವತ್ತು ದಾಟಿದ ಮನುಷ್ಯ, ಗದರದೆ ಮಾತಾಡುವವರು. ಮಗು ಎಷ್ಟು ಗಂಟೆಗೆ ಶಾಲೆ ಬಿಟ್ಟಳು ಎಂದರು. ನಾಲ್ಕಕ್ಕೆ ಎಂದರು ಪ್ರೇಮಲೀಲಾ ಮೇಡಂ. ಹಾಜರಿ ಪುಸ್ತಕ ತೋರಿಸಿದರು. ಯೋಗೇಂದ್ರ ಹೆಸರಿನ ಮೇಲೆ ಬೆರಳಿಟ್ಟು ನೋಡಿ, ಪುಸ್ತಕದ ಫೋಟೋ ತೆಗೆದುಕೊಂಡು, ಫೋನ್ ಮಾಡಲು ಶುರು ಮಾಡಿದರು. ನಾಲ್ಕರ ಮೇಲೆ ಸಬರ್ಬ್ ಬಸ್ ಸ್ಟ್ಯಾಂಡಿನ ಕ್ಯಾಮೆರಾ ನೋಡಿ. ನಾಲ್ಕರ ಮೇಲೆ ಕಡಕೊಳದ ಟೋಲಿನಲ್ಲಿ ದಾಟಿದ ಬೈಕುಗಳನ್ನು ನೋಡಿ. ರೈಲ್ವೆ ಸ್ಟೇಷನ್ನಿಗೂ ಒಬ್ಬ ಹೋಗಲಿ, ನಾಲ್ಕರ ಮೇಲೆ. ಪ್ರತಿ ಸಲ 'ನಾಲ್ಕರ ಮೇಲೆ' ಎಂದಾಗಲೂ ಲವೀನಾ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಹಾಗೆ ಅರ್ಧ ಗಂಟೆ ಕಳೆಯಿತು. ಹೇಳುತ್ತೇನೆ ಎಂದು ಮೂರು ಸಲ ಬಾಯಿ ತೆರೆದಳು. ಒಂದು ಸಲ ಮೇಡಂ ಅವಳ ಕಡೆ ನೋಡಿದರು. ಇನ್ನೊಂದು ಸಲ ಫೋನ್ ಬಂತು. ಮತ್ತೊಂದು ಸಲ ಯಾವ ಅಡ್ಡಿಯೂ ಇರಲಿಲ್ಲ, ಆದರೂ ಮಾತು ಬರಲಿಲ್ಲ. ಚಂದ್ರಕಲಾ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಬೆರಳ ತುದಿಗೆ ಅಂಟಿದ ಊದುಬತ್ತಿಯ ಕಪ್ಪನ್ನು ಸೀರೆಗೆ ಉಜ್ಜುತ್ತಲೇ ಇದ್ದಳು. ಇಂದ್ರಮ್ಮ ತಂದುಕೊಟ್ಟ ನೀರು ಲೋಟದಲ್ಲಿ ಹಾಗೇ ಇತ್ತು.

ಫೋನ್ ಇಟ್ಟು ಯೋಗೇಂದ್ರ ಹುಬ್ಬು ಗಂಟು ಹಾಕಿದರು. ಟೋಲಿನಲ್ಲೂ ಇಲ್ಲ, ಬಸ್ ಸ್ಟ್ಯಾಂಡಿನಲ್ಲೂ ಇಲ್ಲ, ಎಲ್ಲೋ ಲೆಕ್ಕ ತಪ್ಪುತ್ತಿದೆ ಎಂದರು.

"ಬೆಳಿಗ್ಗೆ ಬಂದಿದ್ದು ಗ್ಯಾರಂಟಿನಾ?"

ಉತ್ತರ ಕೊಟ್ಟವಳು ಚಂದ್ರಕಲಾ.

"ಬಂದಿದ್ಲು ಸಾ. ನಾನೇ ಬಂದು ಕೇಳ್ಕಂಡೋದೆ. ಈ ಮಿಸ್ಸು ಸುಳ್ಳು ಏಳೋರಲ್ಲ. ಇವ್ರು ಬಂದ್ಮ್ಯಾಲೇ ನಮ್ ಮಗ ಓದಕ್ಕೆ ಕಲ್ತಿದ್ದು."

ಈ ಭಾಗದಲ್ಲಿ ಹೆಣ್ಣುಮಕ್ಕಳನ್ನೂ ಮುದ್ದಿಗೆ ಮಗ ಎಂದೇ ಕರೆಯುತ್ತಾರೆ. ಲವೀನಾ ಚೌಕಟ್ಟಿನಿಂದ ಕೈ ತೆಗೆದಳು.

"ಬಂದಿರಲಿಲ್ಲ ಸರ್."

ಅವಳೇ ಮುಂದುವರಿಸಿದಳು. ಗೀಟು ತಾನೇ ಹಾಕಿದ್ದು, ನೋಡದೆ ಹಾಕಿದ್ದು, ದಿನಾ ಹಾಗೇ ಹಾಕುವುದು. ಕ್ಯಾರೊಲಿನ್ ಹೇಳಿದ್ದನ್ನೆಲ್ಲ, ಟ್ಯಾಂಕು, ಬೈಕು, ಅಣ್ಣನ ಹೆಸರು ಹೇಳಿ ಹತ್ತಿಸಿಕೊಂಡದ್ದು, ಒಂದನ್ನೂ ಬಿಡದೆ ಹೇಳಿದಳು. ಪ್ರೇಮಲೀಲಾ ಮೇಡಂ ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅಡುಗೆ ಮನೆಯ ಬಾಗಿಲಿನಿಂದ ಇಂದ್ರಮ್ಮ, ಊಟಕ್ಕೂ ಇರ್ಲಿಲ್ಲ ಸಾ, ಮದ್ಯಾನ ಹದಿನೆಂಟೇ ತಟ್ಟೆ ಎಂದಳು.

"ಇದು ನಿಮಗೆ ಯಾವಾಗ ಗೊತ್ತಾಗಿದ್ದು?" ಎಂದರು ಯೋಗೇಂದ್ರ.

"ನಾಲ್ಕೂವರೆಗೆ."

ಅವರು ಗಡಿಯಾರ ನೋಡಿಕೊಂಡರು. ಆರಕ್ಕೆ ಇಪ್ಪತ್ತು ನಿಮಿಷ ಇತ್ತು. ಹೊರಗೆ ಹೋಗಿ ಮತ್ತೆ ಫೋನ್ ಮಾಡಿದರು, ಈ ಸಲ ಒಂಬತ್ತರ ಮೇಲೆ ಎಂದರು. ಕಾಲು ಗಂಟೆಯಲ್ಲಿ ಉತ್ತರ ಬಂತು. ಕಡಕೊಳದ ಟೋಲಿನಲ್ಲಿ ಬೆಳಿಗ್ಗೆ ಒಂಬತ್ತು ಮೂವತ್ತೆಂಟಕ್ಕೆ ಒಂದು ಕಪ್ಪು ಬೈಕು. ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ನೀಲಿ ಯೂನಿಫಾರ್ಮಿನ ಮಗು, ಬೆನ್ನಿಗೆ ಸ್ಕೂಲ್ ಬ್ಯಾಗ್ ಹಾಗೇ ಇತ್ತು. ಯೋಗೇಂದ್ರ ಬಂದು ಇದನ್ನು ಹೇಳಿ, ಆಮೇಲೆ ಚಂದ್ರಕಲಾಳಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಲವೀನಾಳಿಗೆ ಇನ್ನೊಂದು ಮಾತು ಹೇಳಿದರು. ಆದರೂ ಅದು ಎಲ್ಲರಿಗೂ ಕೇಳಿಸಿತು.

"ಹತ್ತು ಮುಕ್ಕಾಲಿಗೆ ಈಯಮ್ಮ ಬಂದಾಗ ನಿಜ ಹೇಳಿದ್ರೆ, ಬಾರ್ಡರ್ ಹತ್ರ ಪುಣಜನೂರು ಚೆಕ್‌ಪೋಸ್ಟಲ್ಲಿ ಹಿಡೀಬಹುದಿತ್ತಮ್ಮ. ಅವನಿನ್ನೂ ಚಾಮರಾಜನಗರನೂ ದಾಟಿರ್ತಿರಲಿಲ್ಲ. ಈಗ ತಿರುಪ್ಪೂರು ಸೇರಿ ಮೂರು ಗಂಟೆ ಆಗಿರುತ್ತೆ. ವಿಳಾಸ ಇಲ್ಲ. ಫೋನ್ ಸ್ವಿಚ್ ಆಫ್. ಅಪ್ಪ ಅಂತ ಬೇರೆ ಇದಾನೆ, ಅಲ್ಲಿನವರು ಎಷ್ಟು ತಲೆ ಕೆಡಿಸ್ಕೊಳ್ತಾರೋ."

ಹುಡುಕುತ್ತೇವೆ ಎಂದೂ ಹೇಳಿದರು. ಕಂಪ್ಲೇಂಟು ಬರೆದುಕೊಡಬೇಕು, ಮಗುವಿನ ಒಂದು ಫೋಟೋ ಬೇಕು, ಠಾಣೆಗೆ ಬನ್ನಿ ಎಂದು ಚಂದ್ರಕಲಾಳನ್ನು ಕರೆದರು. ನಾಳೆ ನಿಮ್ಮಿಬ್ಬರ ಹೇಳಿಕೆಯೂ ಬೇಕು ಎಂದು ಮೇಡಂಗೂ ಲವೀನಾಳಿಗೂ ಹೇಳಿ ಹಾಜರಿ ಪುಸ್ತಕಕ್ಕೆ ಕೈ ಚಾಚಿದರು. ಮೇಡಂ ಕೊಟ್ಟರು.

ಚಂದ್ರಕಲಾ ಎದ್ದು ನಿಂತಳು. ಕಾಲು ಜೋಮು ಹಿಡಿದಿರಬೇಕು, ಕಂಬಕ್ಕೆ ಒರಗಿಕೊಂಡಳು. ಆಕೆ ಕೂಗುತ್ತಾಳೆ, ಹೊಡೆಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಲವೀನಾ ಕಾಯುತ್ತಿದ್ದಳು. ಹಾಗೆ ಮಾಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ದಿನ ಅನ್ನಿಸಿತು.

"ಒಳಕ್ಕೆ ಬಂದು ಒಂದ್ಸಲ ಮೊಕ ನೋಡ್ಕಂಡು ಓಯ್ತೀನಿ ಅಂದೆ ಮಿಸ್," ಎಂದಳು.

"ಹೂಂ ಅಮ್ಮ."

"ನೀವು ಬುಕ್ಕು ನೋಡುದ್ರಿ."

"ಹೂಂ."

"ನಾನೂ ಬುಕ್ಕಲ್ಲವ್ಳಲ್ಲ ಅಂತ ಓಗ್ಬುಟ್ಟೆ. ನಂಗೆ ಓದಕ್ ಬರಲ್ಲ. ಬುಕ್ಕಲ್ ಬರ್ದವ್ರೆ ಅಂದ್ರೆ ದಿಟ ಅಂತಲೇ ನಂಬ್ಕಂಡ್ ಬಂದಿರೋಳು ನಾನು."

ಚಂದ್ರಕಲಾ ಮುಟ್ಟದೆ ಬಿಟ್ಟಿದ್ದ ನೀರಿನ ಲೋಟವನ್ನು ಎತ್ತಿ ಇಂದ್ರಮ್ಮನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಜೀಪಿನ ಕಡೆ ನಡೆದಳು. ಯೋಗೇಂದ್ರ ಆಗಲೇ ಹತ್ತಿ ಕೂತಿದ್ದರು, ಡ್ರೈವರ್ ಇಂಜಿನ್ ಸ್ಟಾರ್ಟ್ ಮಾಡಿದ್ದ. ಗೇಟು ದಾಟಿದ ಆಕೆ ಅಲ್ಲೇ ನಿಂತು ಹಿಂದಕ್ಕೆ ತಿರುಗಿದಳು. ಗೇಟನ್ನು ಎಳೆದುಕೊಂಡು, ಕಂಬಿಯ ನಡುವೆ ಕೈ ತೂರಿಸಿ ಒಳಗಿನ ಅಗುಳಿಯನ್ನು ತಡಕಿ ಹಾಕಿದಳು. ಮಕ್ಕಳು ರಸ್ತೆಗೆ ಓಡಿಬಿಡುತ್ತಾರೆಂದು ಅಲ್ಲಿನ ತಾಯಂದಿರೆಲ್ಲ ಹಾಗೆ ಮಾಡುತ್ತಾರೆ. ಅಗುಳಿ ತುಕ್ಕು ಹಿಡಿದಿತ್ತು. ಒಂದು ಸಲಕ್ಕೆ ಕೂರಲಿಲ್ಲ. ಎರಡನೇ ಸಲ ಒತ್ತಿ ಕೂರಿಸಿ, ಅಲುಗಾಡಿಸಿ ನೋಡಿ, ಹೋಗಿ ಜೀಪು ಹತ್ತಿದಳು.